ಅರ್ಧ ಹೆಸರಿನ ಹಡಗು

ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ರೈಲು ಹತ್ತುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ವರ್ಷಗಟ್ಟಲೆ ಅವರ ಪಕ್ಕದಲ್ಲಿ ಕುಳಿತು ಬೆವರಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ರೊಟ್ಟಿ ಹಂಚಿನ ಹಾಗೆ ಕಾದಿರುತ್ತಿತ್ತು. ರೈಲು ಡಬ್ಬಿಯ ಫ್ಯಾನು ಮನಸ್ಸು ಬಂದರೆ ತಿರುಗುತ್ತಿತ್ತು. ಈ ಮಹಾನುಭಾವರು ಮಾತ್ರ ಕತ್ತಿನ ತನಕ ಗುಂಡಿ ಹಾಕಿದ ಕಂದು ಸ್ವೆಟರಿನಲ್ಲಿ, ತೊಡೆಯ ಮೇಲೆ ಮಫ್ಲರು ಮಡಚಿಟ್ಟುಕೊಂಡು, ಕಿಟಕಿಯಾಚೆ ನೋಡುತ್ತ ಕುಳಿತಿರುತ್ತಿದ್ದರು. ಮೊದಲ ದಿನವೇ ನಾನು ತಡೆಯಲಾರದೆ ಕೇಳಿಬಿಟ್ಟೆ.

“ಯಾಕ್ರೀ, ಮೈಯಾಗ ಆರಾಮಿಲ್ಲೇನು?”

“ಆರಾಮ ಇದ್ದೇನ್ರಿ. ಇದು ನಮ್ಮ ಡ್ಯೂಟಿ ಡ್ರೆಸ್ಸು.”

ಅವರು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದರು. ಮೆಣಸಿನಕಾಯಿ ಚೀಲಗಳನ್ನು ಬಣ್ಣ ಕೆಡದಂತೆ ತಣ್ಣಗೆ ಇಡುವ ಜಾಗ ಅದು. ಯಾರ ಚೀಲ ಯಾವ ಸಾಲಿನಲ್ಲಿದೆ ಎಂದು ನೋಡಿಕೊಳ್ಳುವುದು ಇವರ ಪಾಲಿನ ಕೆಲಸ. ಅದಕ್ಕೂ ಮೊದಲು ಅದೇ ಊರಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಅರವತ್ತು ದಾಟಿದರೂ ಮಾಲೀಕರು ಬಿಟ್ಟಿರಲಿಲ್ಲ, ಇವರೂ ಬಿಡುತ್ತೇನೆ ಎಂದಿರಲಿಲ್ಲ. ದಿನವೂ ಕರ್ಜಗಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಬರುತ್ತಿದ್ದರು. ನಾನು ಹಾವೇರಿಯಲ್ಲಿ ಹತ್ತಿ ರಾಣೇಬೆನ್ನೂರಿನ ಕಾಲೇಜಿಗೆ ಇಂಗ್ಲಿಷ್ ಪಾಠ ಹೇಳಲು ಹೋಗುತ್ತಿದ್ದೆ. ಹಾವೇರಿ ಬಿಟ್ಟು ಬ್ಯಾಡಗಿ ಮುಟ್ಟುವ ತನಕ, ಅರ್ಧ ತಾಸೂ ಇರದ ಆ ದಾರಿಯಷ್ಟೇ ನಮ್ಮ ಗೆಳೆತನದ ಉದ್ದ. ನನಗಾಗಿ ಪಕ್ಕದ ಸೀಟಿನ ಮೇಲೆ ಒಂದು ಟವೆಲ್ಲು ಹಾಸಿಟ್ಟಿರುತ್ತಿದ್ದರು. ಯಾರಾದರೂ ಅದನ್ನು ಸರಿಸಲು ಕೈ ಹಾಕಿದರೆ, “ಸರ ಬರತಾರ್ರಿ, ಹಾವೇರಿಯಾಗ” ಎಂದು ಹೇಳಿ ಮತ್ತೆ ಕಿಟಕಿಯ ಕಡೆ ತಿರುಗುತ್ತಿದ್ದರಂತೆ.

ಹೋದ ತಿಂಗಳು ಕರ್ಜಗಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಅವರು ತೀರಿಕೊಂಡು ನಾಲ್ಕು ದಿನವಾಗಿತ್ತು. ಮಣ್ಣಾಗಿ ಎಲ್ಲ ಮುಗಿದಿತ್ತು. ನನಗೆ ಮೊದಲು ಸಿಟ್ಟೇ ಬಂತು. ಒಂದು ಮಾತು ಹೇಳಬಾರದಿತ್ತೇನೋ ಎಂದು ಅವನ ಮೇಲೆ ಹರಿಹಾಯ್ದೆ. ಆಮೇಲೆ ಅನ್ನಿಸಿತು, ಹೇಳುವವರು ಯಾರು? ಆ ಮನೆಯಲ್ಲಿ ಉಳಿದವರೇ ಯಾರೂ ಇಲ್ಲ. ರೈಲಿನ ಗೆಳೆಯನ ವಿಳಾಸ ಊರವರಿಗೆ ಹೇಗೆ ಗೊತ್ತಿರಬೇಕು?

“ಸರ, ಒಂದು ಪೆಟ್ಟಿಗಿ ತುಂಬ ಹಡಗದ ಚಿತ್ರ ಅದಾವ್ರಿ. ಏನ್ ಮಾಡೂದು ತಿಳೀವಲ್ದು,” ಅಂದ.

“ಯಾರೂ ಮುಟ್ಟಬ್ಯಾಡ್ರಿ. ನಾ ಬರತೇನಿ,” ಅಂದೆ.

ಆ ಪೆಟ್ಟಿಗೆ ಈಗ ನನ್ನ ಮೇಜಿನ ಮೇಲಿದೆ. ಮುಚ್ಚಳ ತೆಗೆದರೆ ಇವತ್ತಿಗೂ ಮೆಣಸಿನಕಾಯಿ ಘಾಟು ಮೂಗಿಗೆ ಹೊಡೆಯುತ್ತದೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ. ಗಾಡಿಯಲ್ಲಿ ಎಲ್ಲರಿಗೂ ಅವರು ಸ್ವೆಟರ್ ಕಾಕಾ. ನನಗೂ ಕಾಕಾ.

ಹಡಗಿನ ಸುದ್ದಿ ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಕಾಲೇಜಿಗೆ ಅರ್ಧ ದಿನ ರಜೆ ಕೊಟ್ಟಿದ್ದರು. ಬ್ಯಾಡಗಿ ಸ್ಟೇಷನ್ನಿನಲ್ಲಿ ಇವರೂ ಹತ್ತಿದರು. ಸೀಸನ್ನಿನ ದಿನಗಳು, ಗಾಡಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಸೀನುತ್ತಿದ್ದರು. ಕಾಕಾ ಸ್ವೆಟರಿನ ಒಳಗಿಂದ ಮದುವೆ ಕಾರ್ಡಿನ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿಂದ ಒಂದು ಹಳೆಯ ಪೋಸ್ಟ್ ಕಾರ್ಡು ತೆಗೆದು ನನ್ನ ಕೈಗಿಟ್ಟರು. ಒಂದು ಮಗ್ಗುಲಿಗೆ ಹಡಗಿನ ಚಿತ್ರ. ಬಿಳಿ ಹಡಗು, ಹೊಟ್ಟೆಯ ಸುತ್ತ ನೀಲಿ ಪಟ್ಟಿ, ಮೇಲೆ ಹಳದಿ ಹೊಗೆಕೊಳವೆ.

“ಕಾರಹುಣ್ಣಿಮ್ಯಾಗ ಎತ್ತಿಗೆ ಬಣ್ಣ ಬಳದಂಗ ಬಳದಾರ ನೋಡ್ರಿ,” ಅಂದರು. “ಹಿಂದ ಇಂಗ್ಲೀಷಿನ್ಯಾಗ ಏನೋ ಬರದಾರ. ಓದಿ ಹೇಳ್ರಿ.”

ಓದಿ ಹೇಳಿದೆ. ಯಾರೋ ಇಂಗ್ಲೆಂಡಿನ ಸಿಪಾಯಿ ತನ್ನ ಅಕ್ಕನಿಗೆ ಬರೆದದ್ದು. ಬಿಸಿಲು ಜಾಸ್ತಿ, ಮೀಸೆ ಬಿಟ್ಟಿದ್ದೇನೆ, ಚಿಂತೆ ಬೇಡ. ಕಾರ್ಡು ವಾಪಸು ಕೊಟ್ಟು ಕಣ್ಣುಜ್ಜಿಕೊಂಡೆ ನೋಡಿ, ಅಯ್ಯೋ ಶಿವನೇ! ಕಣ್ಣಿಗೆ ಕೊಳ್ಳಿ ಇಟ್ಟ ಹಾಗಾಯಿತು. ಕಾಕಾ ಗಡಬಡಿಸಿ ತಮ್ಮ ಬಾಟಲಿಯ ನೀರನ್ನು ನನ್ನ ಮುಖಕ್ಕೆ ಎರಚಿದರು.

“ತಪ್ಪಾತ್ರಿ ಸರ. ಎಷ್ಟ ಕೈ ತೊಳದ್ರೂ ಕಾರ್ಡಿಗೂ ಖಾರ ಹತ್ತತೈತಿ,” ಅಂದರು. ಅವತ್ತು ಅಳುತ್ತ ಮನೆಗೆ ಹೋದೆ. ಹೆಂಡತಿ ಗಾಬರಿಯಾದಳು.

ಆ ಹಡಗುಗಳು ಮಾಲು ಸಾಗಿಸುವ ಹಡಗುಗಳಲ್ಲ. ಬ್ರಿಟಿಷರ ಕಾಲದಲ್ಲಿ ಸೈನಿಕರನ್ನು ತುಂಬಿಕೊಂಡು ಒಂದು ದಡದಿಂದ ಇನ್ನೊಂದು ದಡಕ್ಕೆ ಒಯ್ಯುತ್ತಿದ್ದ ಹಡಗುಗಳು. ಹಡಗಿನಲ್ಲೇ ಅದರ ಚಿತ್ರದ ಕಾರ್ಡು ಮಾರುತ್ತಿದ್ದರಂತೆ. ಹುಡುಗರು ಕೊಂಡು ಮನೆಗೆ ನಾಲ್ಕು ಸಾಲು ಗೀಚಿ ಹಾಕುತ್ತಿದ್ದರು. ಅಂಥ ಕಾರ್ಡು ಕರ್ಜಗಿಯ ಕಾಕಾನ ಕೈಗೆ ಬರುತ್ತಿದ್ದುದು ಮೆಣಸಿನಕಾಯಿ ಲಾರಿಯಲ್ಲಿ. ಬ್ಯಾಡಗಿಯಿಂದ ಮುಂಬೈಗೆ ಲೋಡು ಒಯ್ಯುವ ಡ್ರೈವರುಗಳೇ ಇವರ ಏಜೆಂಟರು. ಲೋಡು ಇಳಿಸಿ ಖಾಲಿ ಇದ್ದಾಗ ಅಲ್ಲಿನ ಹಳೆ ಸಾಮಾನಿನ ಬಜಾರಿಗೆ ಹೋಗಿ ಹುಡುಕಬೇಕು. ಗುರುತಿಗೆಂದು, ಚಿತ್ರದ ಕೆಳಗೆ ಹಡಗಿನ ಹೆಸರಿನಲ್ಲಿ ಅಚ್ಚಾಗಿರುತ್ತಿದ್ದ ಇಂಗ್ಲಿಷಿನ ಮೂರು ಅಕ್ಷರ ಚೀಟಿಯಲ್ಲಿ ಬರೆದುಕೊಡುತ್ತಿದ್ದರು: ಎಚ್, ಎಮ್, ಟಿ.

ಆ ಮೂರಕ್ಷರ ಮೊದಲ ಸಲ ಅವರ ಬಾಯಲ್ಲಿ ಬಂದಾಗ ಗಾಡಿಯಲ್ಲಿದ್ದ ನಾವೆಲ್ಲ ನಮ್ಮ ನಮ್ಮ ಮಣಿಕಟ್ಟು ನೋಡಿಕೊಂಡೆವು. ನಾವಷ್ಟೇ ಅಲ್ಲ. ಒಬ್ಬ ಡ್ರೈವರು ಮುಂಬೈಯಿಂದ ಬಂದವನೇ ಇವರ ಕೈಯಲ್ಲಿ ಒಂದು ಕೆಟ್ಟುನಿಂತ ಕೈಗಡಿಯಾರ ಇಟ್ಟನಂತೆ. “ಹಡಗ ಸಿಗಲಿಲ್ಲ ಕಾಕಾ. ವಾಚ್ ಸಿಕ್ತು, ನೋಡ್ರಿ, ಹೆಸರು ಬರೋಬ್ಬರಿ ಐತಿ!” ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕಾ ನಗಲಿಲ್ಲ. ಆ ಗಡಿಯಾರವನ್ನು ಕೈಗೆ ಕಟ್ಟಿಕೊಂಡರು.

“ನಡಿಯೂದಿಲ್ಲಲ್ರಿ ಅದು?” ಅಂದೆ.

“ಅಷ್ಟ ದೂರದಿಂದ ತಂದಾನ್ರಿ ಪಾಪ. ಅಂವ ನೋಡಿದಾಗ ಕೈಯಾಗ ಇರಬೇಕಲ್ಲ.”

ಇನ್ನೊಬ್ಬ ಗೋವಾದ ದೀಪಸ್ತಂಭದ ಚಿತ್ರ ತಂದ. ಮತ್ತೊಬ್ಬ ಮೀನುಗಾರರ ದೋಣಿಯದು ತಂದ. ಎಲ್ಲವನ್ನೂ ತೆಗೆದುಕೊಂಡರು, ಯಾರ ಮನಸ್ಸನ್ನೂ ನೋಯಿಸಲಿಲ್ಲ. ಗಾಡಿ ಲೇಟಾದರೆ ನಾವು ರೈಲ್ವೆಯವರ ವಂಶ ಜಾಲಾಡುತ್ತಿದ್ದೆವು. ಇವರದು ಒಂದೇ ಮಾತು: “ಹಡಗ ಇದ್ದಂಗ ಐತ್ರಿ ಈ ಗಾಡಿ. ಯಾವಾಗ ಮುಟ್ಟತೈತಿ, ಯಾರೂ ಹೇಳಂಗಿಲ್ಲ.”

ಇಷ್ಟೆಲ್ಲ ಹಡಗಿನ ಹುಚ್ಚು ಇದ್ದ ಮನುಷ್ಯ ಸಮುದ್ರ ನೋಡಿರಲಿಲ್ಲ. ಒಂದು ಡಿಸೆಂಬರಿನಲ್ಲಿ ನಾವು ಮೇಷ್ಟ್ರುಗಳೆಲ್ಲ ಕಾರವಾರಕ್ಕೆ ಹೊರಟಿದ್ದೆವು. ಬಸ್ಸಿನಲ್ಲಿ ಜಾಗವಿತ್ತು. ಬರ್ರಿ ಕಾಕಾ ಎಂದು ಗಂಟು ಬಿದ್ದೆ. “ಬ್ಯಾಡ್ರಿ ಸರ. ಅದರ ಮಾರಿ ನೋಡೂದಿಲ್ಲ ನಾ” ಎಂದು ಮುಖ ತಿರುಗಿಸಿದರು. ಅಷ್ಟು ಗಡುಸಾಗಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ವಿಷಯ ಏನೆಂದು ನನಗೆ ತಿಳಿದದ್ದು ಅವರ ಅವ್ವನಿಂದ. ಒಂದು ಭಾನುವಾರ, “ಒಂದೀಟು ಕಾರ್ಡ್ ಓದೂವು ಉಳದಾವ್ರಿ, ಮನಿಗೇ ಬರ್ರಿ” ಎಂದು ಕರ್ಜಗಿಗೆ ಕರೆದರು. ಎರಡು ಅಂಕಣದ ಮಣ್ಣಿನ ಮನೆ. ತಾಯಿ ಮಗ ಇಬ್ಬರೇ. ಅವ್ವನಿಗೆ ಎಂಬತ್ತು ಮುಟ್ಟಿತ್ತು. ಹಿಡಿಯಷ್ಟು ಜೀವ. ಆದರೆ ಹಣೆಯಲ್ಲಿ ಕಾಸಗಲ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ. ನಾನು ಒಳಗೆ ಹೋದವನೇ ಕಾಕಾನ ಅಪ್ಪ ಎಲ್ಲಿ ಎಂದು ಸುತ್ತ ನೋಡಿದೆ. ದೇವರ ಜಗುಲಿಯ ಮೇಲೆ ಒಂದು ಹಡಗಿನ ಕಾರ್ಡಿತ್ತು. ಅದಕ್ಕೂ ಅರಿಷಿಣ ಕುಂಕುಮ ಹಚ್ಚಿದ್ದರು.

“ಅದರಾಗ ಹೋಗ್ಯಾರಪಾ ಇವರಪ್ಪ,” ಅಂದಳು ಅವ್ವ. “ಎಚ್ಚೆಮ್ಟಿ ಅಂತ ಹಡಗ. ದಂಡಿಗೆ ಹೋದ್ರು. ಇಂವ ಹೊಟ್ಟ್ಯಾಗಿದ್ದ.”

ಮಹಾಯುದ್ಧದ ಕಾಲ. ಮುಂಬೈಯಲ್ಲಿ ಹಡಗು ಹತ್ತಿದ ಅಪ್ಪನ ಸುದ್ದಿ ಮತ್ತೆ ಬರಲಿಲ್ಲ. ಜೊತೆಗೆ ಹೋಗಿದ್ದ ಗುತ್ತಲದ ಒಬ್ಬರು ಜ್ವರ ಬಂದು ದವಾಖಾನೆಯಲ್ಲಿ ಉಳಿದುಬಿಟ್ಟಿದ್ದರಿಂದ ಹಡಗು ತಪ್ಪಿಸಿಕೊಂಡು, ಕೆಲವು ತಿಂಗಳ ಮೇಲೆ ಊರಿಗೆ ಬಂದರು. ಅವರೇ ಬಂದು ಅವ್ವನಿಗೆ ಹೇಳಿದ್ದು, ಹಡಗಿನ ಹೆಸರು ಎಚ್ಚೆಮ್ಟಿ ಎಂದು. ಸರಕಾರದಿಂದ ಆಮೇಲೆ ಬಂದ ಕಾಗದದಲ್ಲಿ ‘ಕಾಣೆಯಾಗಿದ್ದಾನೆ’ ಎಂದಷ್ಟೇ ಇತ್ತು.

“ಸತ್ತಾರ ಅಂತ ಯಾರೂ ಹೇಳಿಲ್ಲಪಾ ತಮ್ಮಾ. ಕಾಣವಲ್ಲರು ಅಂದಾರ. ಕಾಣವಲ್ಲರು ಅಂದ್ರ ಸತ್ತಂಗೇನು? ಕುಂಕುಮ ಯಾಕ ಅಳಸಲಿ ನಾ?”

ಬೇಡ ಎನ್ನುವ ಧೈರ್ಯ ಯಾರಿಗಿತ್ತು? ಮಾನೌಮಿ ಅಮಾಸೆಗೆ, ಅಂದರೆ ಮಹಾಲಯ ಅಮಾವಾಸ್ಯೆಗೆ, ಅವರ ಮನೆಯಲ್ಲಿ ಹಿರೇರ ಹಬ್ಬ ಮಾಡುತ್ತಿದ್ದರು. ಸತ್ತ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಮಾಡಿದ ಅಡುಗೆಯೆಲ್ಲ ಬಡಿಸಿ ಎಡೆ ಇಡುವುದು. ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಕೂರುವುದು. ಆ ಹೊತ್ತಿನಲ್ಲಿ ಹಿರೇರು ಬಂದು ಉಂಡು ಹೋಗುತ್ತಾರೆ; ಬಂದರು ಅನ್ನಿಸಿದ ಮೇಲೆಯೇ ಬಾಗಿಲು ತೆಗೆಯುವುದು. ಕಾಕಾನ ಅಜ್ಜ ಅಜ್ಜಿಗೆ ಪ್ರತಿವರ್ಷ ಎಡೆ ಇತ್ತು. ಅಪ್ಪನಿಗೆ ಇರಲಿಲ್ಲ.

“ಬದುಕಿದವರಿಗೆ ಎಡಿ ಇಡತಾರೇನು?” ಎಂದು ಅವ್ವ ನನ್ನನ್ನೇ ಕೇಳಿದಳು. “ಇವಂದು ಮದುವಿನೂ ಹಂಗ ನಿಂತೈತಿ ನೋಡಪಾ. ಅವರಪ್ಪ ಬರಲಿ, ಅಕ್ಕಿಕಾಳು ಹಾಕಲಿ ಅಂತ ಕಾಯಾಕತ್ತೇನಿ.”

ನಾನು ನಗಲಿಕ್ಕೆ ಹೋಗಿ ಕಾಕಾನ ಮುಖ ನೋಡಿ ಸುಮ್ಮನಾದೆ. ತಲೆ ಪೂರ್ತಿ ಬೆಳ್ಳಗಾದ ಮದುಮಗ ಚಹಾದ ಕಪ್ಪು ಬಸಿ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದರು.

ಅವತ್ತು ಎಂಟೋ ಹತ್ತೋ ಕಾರ್ಡು ಓದಿದೆ. “ಇದ್ದದ್ದ ಇದ್ದಂಗ ಓದ್ರಿ ಸರ, ಏನೂ ಕೂಡಿಸಬ್ಯಾಡ್ರಿ” ಎಂದು ಕಾಕಾ ಮೊದಲೇ ಹೇಳಿದ್ದರು. ಅದೇನೂ ಹೇಳಬೇಕಿರಲಿಲ್ಲ. ಬರೆದಿಲ್ಲದ್ದನ್ನು ಓದುವವನಲ್ಲ ನಾನು. ಕಾಲೇಜಿನಲ್ಲಿ ಹುಡುಗರ ಜೊತೆ ನನ್ನ ಜಗಳವೆಲ್ಲ ಅದೇ. ಒಂದು ಕಾರ್ಡಿನಲ್ಲಿ ಒಬ್ಬ ಹುಡುಗ, ಅಮ್ಮಾ ನಾಳೆ ಹೊರಡುತ್ತೇವೆ, ಊಟ ಚೆನ್ನಾಗಿದೆ, ನಾಯಿಗೆ ನನ್ನ ನೆನಪು ಹೇಳು ಎಂದು ಬರೆದಿದ್ದ. ಅದನ್ನು ಅವ್ವನ ಭಾಷೆಗೆ ತಂದು ಹೇಳಿದೆ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು.

“ನಾಯಿಗೂ ಹೇಳ್ಯಾನ ಅಂದ್ರ ನೋಡ! ಊಟ ಚಲೋ ಐತಿ ಅಂದನಲ್ಲ, ಸಾಕು.” ಆಮೇಲೆ ಕೇಳಿದಳು, “ಈ ಹುಡುಗ ತಿರಿಗಿ ಬಂದನೇನಪಾ?”

“ಅದು ಇದರಾಗ ಬರದಿಲ್ಲವ್ವ,” ಅಂದೆ.

ಅಡುಗೆಮನೆಯಿಂದ ಕಾಕಾನ ದನಿ ಬಂತು. “ಬಂದಾನವ್ವ.”

ಪ್ರತಿ ಕಾರ್ಡಿಗೂ ಅದೇ ಆಯಿತು. ಆಕೆ ಕೇಳುವುದು, ನಾನು ತಡವರಿಸುವುದು, ಒಳಗಿನಿಂದ ಇವರು ಬಂದಾನವ್ವ ಎನ್ನುವುದು. ಬಂದಾನ ಎಂದು ಕೇಳಿದ ಮೇಲೆಯೇ ಆಕೆ ಮುಂದಿನ ಕಾರ್ಡಿಗೆ ಕೈ ಚಾಚುತ್ತಿದ್ದಳು.

ಬಸ್ ಸ್ಟ್ಯಾಂಡಿಗೆ ಕಳಿಸಲು ಬಂದಾಗ ನಾನು ಮೇಷ್ಟ್ರಗಿರಿ ತೋರಿಸಿದೆ. “ಕಾಕಾ, ಎಚ್ಚೆಮ್ಟಿ ಅನ್ನೂದು ಒಂದ ಹಡಗದ ಹೆಸರಲ್ರಿ. ದಂಡಿನ ಹಡಗ ಎಲ್ಲಾದಕ್ಕೂ ಹೆಸರಿನ ಮೊದಲ ಆ ಮೂರಕ್ಷರ ಹಚ್ಚತಿದ್ರು. ನಾವು ಶ್ರೀ ಅಂತ ಹಚ್ಚತೇವಲ್ಲ, ಹಂಗ. ನೀವು ಶ್ರೀ ಅನ್ನೋ ಮನಶ್ಯಾನ್ನ ಹಾವೇರಿ ಸಂತ್ಯಾಗ ಹುಡುಕಾಕತ್ತೀರಿ.”

“ಗೊತ್ತೈತ್ರಿ ಸರ,” ಅಂದರು. “ಮೊದಲನೇ ಕಾರ್ಡ್ ಹುಬ್ಬಳ್ಳಿ ರದ್ದಿ ಅಂಗಡ್ಯಾಗ ಸಿಕ್ಕಿತ್ತು. ಹೆಸರು ನೋಡಿ ಓಡಿಕೋತ ಬಂದು ಅವ್ವಗ ಕೊಟ್ಟೆ. ಆಕಿ ಜಗಲಿಮ್ಯಾಲೆ ಇಟ್ಲು. ಮುಂದ ಎರಡನೇದು ಸಿಕ್ತು, ಅದಕ್ಕೂ ಎಚ್ಚೆಮ್ಟಿ. ಅದಕ್ಕ ಎಲ್ಲಾನೂ ಕೂಡಿಸಾಕತ್ತೇನಿ. ಒಂದರಾಗ ಇದ್ದ ಇರತಾರಲ್ಲ.”

ನನಗೆ ಅದು ಒಪ್ಪಿಗೆಯಾಯಿತು. ಮನುಷ್ಯ ಅಪ್ಪನ ಹಡಗು ಹುಡುಕುತ್ತಿದ್ದಾನೆ, ಸಿಕ್ಕರೆ ಅವ್ವನಿಗೆ ತೋರಿಸುತ್ತಾನೆ, ಪಾಪ, ಸಿಗಲಿ ಎಂದುಕೊಂಡೆ.

ಅದಾದ ಮೇಲಿನ ಬೇಸಿಗೆಯಲ್ಲಿ ಇರಬೇಕು. ಬೆಳಗಿನ ಗಾಡಿಯಲ್ಲಿ, ಹಿಂದಿನ ದಿನ ಯಾವನೋ ಡ್ರೈವರು ಕೊಟ್ಟ ಹೊಸ ಕಟ್ಟು ಬಿಚ್ಚಿದರು. ಒಂದೊಂದೇ ನೋಡಿ ನನಗೆ ಕೊಡುತ್ತಿದ್ದವರು ಒಂದು ಕಾರ್ಡು ನೋಡಿದವರೇ ಕೈ ತಡೆದುಬಿಟ್ಟರು. ನಾನು ಕೈ ಚಾಚಿದೆ. ಕೊಡಲಿಲ್ಲ. ಕವರಿಗೂ ಹಾಕಲಿಲ್ಲ. ಸ್ವೆಟರಿನ ಗುಂಡಿ ಬಿಚ್ಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಮತ್ತೆ ಗುಂಡಿ ಹಾಕಿದರು.

“ಏನ್ ಕಾಕಾ, ಹಡಗೋ ಹೀರೋಯಿನ್ನೋ?” ಎಂದು ಕೆಣಕಿದೆ.

“ಚಿತ್ರ ಸ್ವಚ್ಛಿಲ್ರಿ,” ಅಂದರು. ಬ್ಯಾಡಗಿ ಬಂದಾಗ ಊಟದ ಡಬ್ಬಿ ಸೀಟಿನ ಮೇಲೇ ಬಿಟ್ಟು ಇಳಿದು ಹೋದರು. ಕಿಟಕಿಯಿಂದ ಕೂಗಿ ಕೂಗಿ ಸಾಕಾಯಿತು, ತಿರುಗಿ ನೋಡಲಿಲ್ಲ. ಆ ಡಬ್ಬಿಯ ರೊಟ್ಟಿ ನಾನೇ ಉಂಡೆ.

ಅಷ್ಟರಲ್ಲಿ ರಾಣೇಬೆನ್ನೂರಿನಲ್ಲಿ ಕಾಲೇಜಿನ ಎದುರಿಗೇ ಇಂಟರ್‌ನೆಟ್ ಅಂಗಡಿ ತೆರೆದಿದ್ದರು. ಹುಡುಗರು ಅಲ್ಲಿ ಏನು ನೋಡುತ್ತಿದ್ದರೋ ನನಗೆ ಬೇಡ. ನನಗೆ ಮಾತ್ರ ತಲೆಗೆ ಹೊಳೆಯಿತು. ಮರುದಿನ ಗಾಡಿಯಲ್ಲಿ ಉತ್ಸಾಹದಿಂದ ಶುರು ಮಾಡಿದೆ. ಕಾಕಾ, ನಿಮ್ಮ ಅಪ್ಪನ ಪಲ್ಟಣ್ ಯಾವುದು, ಯಾವ ಸಾಲಿನಲ್ಲಿ ಹೋದರು ಹೇಳಿ, ಯಾವ ಹಡಗು, ಎಲ್ಲಿಗೆ ಹೋಯಿತು, ಏನಾಯಿತು, ಎಲ್ಲ ಸಿಕ್ಕೀತು.

ಕಾಕಾ ನನ್ನ ಕಡೆ ತಿರುಗಿದರು. ಕಣ್ಣು ಕೆಂಪಗಾಗಿದ್ದವು.

“ನಿಮಗ ಯಾರ ಹೇಳಿದ್ರು ಹುಡುಕಂತ? ಓದಿ ಹೇಳ್ರಿ ಅಂದೇನಿ. ಹುಡುಕ್ರಿ ಅಂದೇನೇನು?”

ರೈಲು ಡಬ್ಬಿಯಲ್ಲಿದ್ದವರೆಲ್ಲ ನೋಡಿದರು. ನನಗೂ ರೇಗಿತು. ಉಪಕಾರ ಮಾಡಲು ಹೋದರೆ ಇದೇನಪ್ಪ ಎಂದು ಎದ್ದು ಬೇರೆ ಸೀಟಿಗೆ ಹೋದೆ. ಮರುದಿನ ಟವೆಲ್ಲು ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಅವರ ಪಕ್ಕದಲ್ಲಿ ಯಾರೋ ಮೊಸರಿನ ಗಡಿಗೆ ಇಟ್ಟುಕೊಂಡು ಕುಳಿತಿದ್ದರು. ಬಾಗಿಲ ಹತ್ತಿರ ನಿಂತು ಹೋದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಜನರ ನಡುವೆ ನನಗೆ ಬಹಳ ಒಂಟಿ ಅನ್ನಿಸಿತು. ಮನೆಯಲ್ಲಿ ಹೆಂಡತಿ ಮಕ್ಕಳಿದ್ದ ನನಗೇ ಹಾಗೆ ಅನ್ನಿಸಿದರೆ ಅವರಿಗೆ ಹೇಗಿದ್ದಿರಬೇಕು!

ಒಂದು ಸೋಮವಾರ ಟವೆಲ್ಲು ಮತ್ತೆ ಬಂತು. ನಾನು ಕುಳಿತೆ. ಅವರೇ ಬಾಯಿ ಬಿಟ್ಟರು.

“ಸಿಟ್ಟಾಗಬ್ಯಾಡ್ರಿ ಸರ. ಹಡಗ ಸಿಕ್ತು ಅಂತ ತಿಳೀರಿ. ಮುಳುಗೇತಿ ಅಂತ ಬರದಿತ್ತು ಅಂತ ತಿಳೀರಿ. ನಾ ಹೋಗಿ ಅವ್ವಗ ಏನ್ ಹೇಳಲಿ? ಈ ವಯಸ್ಸಿನ್ಯಾಗ ಆಕಿ ಕೈಯಾಗಿನ ಬಳಿ ಯಾರ ಒಡೀಬೇಕು? ನಾನೇನು?”

ಆಗ ನನಗೆ ಅರ್ಥವಾಯಿತು. ಅವರಿಗೆ ಹಡಗು ಬೇಕಿರಲಿಲ್ಲ. ಹುಡುಕುತ್ತಿರುವುದು ಬೇಕಿತ್ತು. ಮತ್ತೆ ಆ ಮಾತು ಎತ್ತಲಿಲ್ಲ.

ಅವ್ವ ತೀರಿಕೊಂಡದ್ದು ಆ ವರ್ಷದ ಮಳೆಗಾಲದಲ್ಲಿ. ನಾನು ಹೋಗುವ ಹೊತ್ತಿಗೆ ಅಂಗಳದಲ್ಲಿ ಒಂದು ವಾದ ನಡೆದಿತ್ತು. ಸಂಬಂಧದ ಹಿರಿಯರೊಬ್ಬರು, ಗಂಡ ಹೋಗಿ ಅರವತ್ತು ವರ್ಷದ ಮೇಲಾಯಿತು, ಮುತ್ತೈದೆ ಎಂದು ಹೇಗೆ ಮಣ್ಣು ಮಾಡುವುದು, ಊರು ನಗುತ್ತದೆ ಎಂದು ಕುಳಿತಿದ್ದರು. ಕಾಕಾ ಒಳಗಿನಿಂದ ಬಂದರು. ಕೈಯಲ್ಲಿ ಹಸಿರು ಸೀರೆ ಇತ್ತು. ಮಳೆಗಾಲದ ಚಳಿಯಲ್ಲಿ ಅವತ್ತು ಮೈಮೇಲೆ ಸ್ವೆಟರ್ ಇರಲಿಲ್ಲ.

“ಸತ್ತಾರ ಅಂತ ಕಾಗದ ಐತೇನ್ರಿ ನಿಮ್ಮ ಕಡೆ? ತೋರಸ್ರಿ,” ಅಂದರು. “ಕಾಣವಲ್ಲರು ಅಂತ ಐತಿ. ನಮ್ಮವ್ವ ಮುತ್ತೈದಿ. ಉಡಿ ತುಂಬ್ರಿ.”

ಅಷ್ಟು ಎತ್ತರದ ದನಿ ಅವರಿಗಿದೆ ಎಂದು ಊರಿಗೇ ಗೊತ್ತಿರಲಿಲ್ಲ. ಹೆಂಗಸರು ಎದ್ದರು. ಹಸಿರು ಸೀರೆ, ಹಸಿರು ಬಳೆ, ಕಾಸಗಲ ಕುಂಕುಮ. ಉಡಿ ತುಂಬಿ ಕಳಿಸಿದರು. ಜಗುಲಿಯ ಮೇಲಿದ್ದ ಮೊದಲ ಕಾರ್ಡನ್ನು ಕಾಕಾ ಆಕೆಯ ಉಡಿಯಲ್ಲಿ ಇಟ್ಟರು.

ಮಾನೌಮಿ ಅಮಾಸೆಗೆ ನನ್ನನ್ನು ಕರೆದರು. “ಮನ್ಯಾಗ ಯಾರೂ ಇಲ್ರಿ. ಎಡಿ ಇಟ್ಟು ಹೊರಗ ಕುಂದ್ರಾಕ ಒಬ್ಬರರೆ ಬೇಕು” ಅಂದರು. ಹೋದೆ. ಅಡುಗೆಯೆಲ್ಲ ತಾವೇ ಮಾಡಿದ್ದರು. ಹೋಳಿಗೆ ದಪ್ಪಗಾಗಿದ್ದವು, ಎರಡು ಸೀದಿದ್ದವು. ಅಜ್ಜ ಅಜ್ಜಿಯ ಎಡೆ ಎಂದಿನ ಹಾಗೆ ಗೋಡೆಯ ಹತ್ತಿರ. ಅವುಗಳ ಮುಂದೆ ಹೊಸದಾಗಿ ಎರಡು ಎಡೆ. ಒಂದರ ಪಕ್ಕ ಸೀರೆ ಮಡಚಿಟ್ಟಿತ್ತು. ಇನ್ನೊಂದರ ಪಕ್ಕ ಹೊಸ ಕೋರಾ ಧೋತರ.

ನಾನು ಧೋತರವನ್ನೇ ನೋಡುತ್ತ ನಿಂತೆ. ಕಾಕಾ ಅಂಗಿಯ ಕಿಸೆಯಿಂದ ಒಂದು ಕಾರ್ಡು ತೆಗೆದು ಅದರ ಮೇಲಿಟ್ಟರು. ಅವತ್ತು ಗಾಡಿಯಲ್ಲಿ ಬಚ್ಚಿಟ್ಟುಕೊಂಡದ್ದೇ. ಬೂದು ಬಣ್ಣದ ಹಡಗು, ಎರಡು ಹೊಗೆಕೊಳವೆ, ಕೆಳಗೆ ಎಚ್ಚೆಮ್ಟಿಯ ಮುಂದೆ ಅಚ್ಚಾದ ಹೆಸರು. ಚಿತ್ರ ಸ್ವಚ್ಛವಾಗಿಯೇ ಇತ್ತು.

“ಇದ್ರಿ ಸರ. ನಮ್ಮಪ್ಪ ಹತ್ತಿದ್ದು ಇದು.”

“ನಿಮಗ ಹೆಂಗ ಗೊತ್ತು?”

“ಎರಡನೇ ಕಾರ್ಡ್ ಸಿಕ್ಕಾಗ ಗುತ್ತಲಕ್ಕ ಹೋಗಿದ್ದೆ. ಎರಡಕ್ಕೂ ಎಚ್ಚೆಮ್ಟಿ ಅಂತ ಐತಿ, ಇದರಾಗ ಖರೇ ಯಾವುದ್ರಿ ಅಂತ ಕೇಳಾಕ. ಆಗ ನನಗ ಮೂವತ್ತರ ಮ್ಯಾಲ. ಆ ಮುದುಕಪ್ಪ ಅತ್ತಬಿಟ್ಟರ್ರಿ. ‘ತಮ್ಮಾ, ನಾ ಅರ್ಧಾ ಹೆಸರ ಹೇಳಿದ್ದೆ. ನಿಮ್ಮವ್ವ ಹಸಿ ಬಾಣಂತಿ, ನೀ ಆಕಿ ತೊಡಿಮ್ಯಾಲೆ. ಪೂರ್ತಿ ಹೆಸರ ಹೇಳಿದ್ರ, ಪೇಪರ್ ಓದೋ ಮಂದಿ ಯಾರರೆ ಮುಳುಗಿದ್ದೂ ಹೇಳತಿದ್ರು. ಬಾಯಿ ಬರಲಿಲ್ಲ’ ಅಂದ್ರು. ಅವತ್ತ ಪೂರ್ತಿ ಹೆಸರ ಹೇಳಿದ್ರು.”

ಹಾಗಾದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮನುಷ್ಯ ಅದನ್ನು ಒಬ್ಬರೇ ಹೊತ್ತುಕೊಂಡಿದ್ದರು. ಅಂಗಳದಲ್ಲಿ ಊರಿನ ಎದುರು ಕಾಗದ ತೋರಸ್ರಿ ಎಂದು ಗುಡುಗಿದಾಗಲೂ ಅವರಿಗೆ ಗೊತ್ತಿತ್ತು. ನನಗೆ ತಡೆಯಲಾಗಲಿಲ್ಲ, ಜಗಳಕ್ಕೇ ನಿಂತೆ.

“ಅವಾಗ ಹೇಳಿದ್ರ ನಿಮ್ಮ ಮದುವಿ ಆಗತಿತ್ತಲ್ರಿ ಮಾರಾಯ್ರ! ಮನ್ಯಾಗ ಮಕ್ಕಳಿರತಿದ್ವು!”

“ಆಗತಿತ್ರಿ,” ಅಂದರು. “ಆದ್ರ ಅವ್ವನ ಕೈಯಾಗಿನ ಹಸರ ಬಳಿ ಹೋಗತಿದ್ವು.”

ನಾನು ಅವ್ವನ ಎಡೆಯ ಪಕ್ಕದ ಸೀರೆಯ ಕಡೆ ನೋಡಿದೆ.

“ಈಟ ಹಡಗ ಯಾಕ ಕೂಡಿಸಿದೆ ಅಂದ್ರ, ಇದೊಂದು ಆ ಗದ್ದಲದಾಗ ಇರಲಿ ಅಂತ. ಹುಡುಕಾಕತ್ತೇನಿ ಅಂದ್ರ ಸಿಕ್ಕಿಲ್ಲ ಅಂತ ಆತಲ್ರಿ. ಅವ್ವ ಅಷ್ಟ ನಂಬಿದ್ಲು.” ಕಾರ್ಡು ಎತ್ತಿ ನನ್ನ ಕೈಗೆ ಕೊಟ್ಟರು. “ಹಿಂದ ಏನ್ ಬರದಾರ, ಓದ್ರಿ.”

ತಿರುಗಿಸಿದೆ. ಅಂಚೆ ಚೀಟಿ ಹಚ್ಚುವ ಚೌಕ, ವಿಳಾಸಕ್ಕೆಂದು ಗೆರೆಗಳು. ಯಾರೂ ಬರೆಯದ, ಯಾರೂ ಕಳಿಸದ ಕಾರ್ಡು.

“ಏನೂ ಬರದಿಲ್ರಿ ಕಾಕಾ.”

“ಹೌದ್ರಿ. ನೋಡೇನಿ. ಆದ್ರೂ ಒಮ್ಮೆ ನಿಮ್ಮ ಕೈಲೆ ಓದಸಬೇಕು ಅನಸ್ತು.”

ನನಗೆ ಅಳು ಬಂತು. ನೆಪಕ್ಕೆ ಕಾರ್ಡಿನಲ್ಲಿ ಖಾರವೂ ಇರಲಿಲ್ಲ. ಅದೊಂದನ್ನು ಅಷ್ಟು ಜತನವಾಗಿ ಇಟ್ಟಿದ್ದರು.

ಊದಿನಕಡ್ಡಿ ಹಚ್ಚಿ, ಬಾಗಿಲು ಎಳೆದುಕೊಂಡು, ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಕುಳಿತೆವು. ಓಣಿಯಲ್ಲಿ ಬೇರೆ ಮನೆಗಳ ಮುಂದೆಯೂ ಜನ ಹೀಗೇ ಕುಳಿತಿದ್ದರು. ಅಲ್ಲಿ ಮಕ್ಕಳಿದ್ದರು, ಸೊಸೆಯಂದಿರಿದ್ದರು, ಗಲಾಟೆಯಿತ್ತು. ಈ ಕಟ್ಟೆಯ ಮೇಲೆ ನಾವಿಬ್ಬರೇ. ಕಾಕಾ ಕೈಯಲ್ಲಿದ್ದ ನಡೆಯದ ಗಡಿಯಾರ ನೋಡಿಕೊಂಡರು. ಮುಚ್ಚಿದ ಬಾಗಿಲ ಕಡೆ ಕಿವಿಗೊಟ್ಟರು. ಆಮೇಲೆ ಸಣ್ಣ ದನಿಯಲ್ಲಿ, ಅವ್ವ ಕೇಳುತ್ತಿದ್ದ ಹಾಗೆಯೇ, ಕೇಳಿದರು.

“ತಿರಿಗಿ ಬಂದನೇನ್ರಿ ಸರ?”

“ಬಂದಾನ್ರಿ ಕಾಕಾ,” ಅಂದೆ.

ಅವರು ಎದ್ದು ಬಾಗಿಲು ತೆಗೆದರು.